ಹಗೇವಿನ ಬೇಳೆ

ಪ್ರಶ್ನೆ ಕೇಳಿದವಳು ಎದ್ದು ಹೋದಳು. ಪ್ರಶ್ನೆ ಮಾತ್ರ ಮಹಾಲಿಂಗನ ಮನೆಯ ಜಗಲಿ ಬಿಟ್ಟು ಏಳಲಿಲ್ಲ.

ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ಗುಂಡ್ಲುಪೇಟೆ ಪಕ್ಕದ ಹಂಗಳದ ಆ ಬೀದಿಗೆ ಶಿವಲಕ್ಷ್ಮಿ ಎಂಬ ಹುಡುಗಿ ಬಂದಿದ್ದಳು. ಯಾವುದೋ ಸಂಸ್ಥೆಯವರು ಕಳಿಸಿದ್ದರಂತೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲೊಂದು ಟ್ಯಾಬ್. ಕೊಟ್ಟ ಮಜ್ಜಿಗೆ ಕುಡಿದು, ಬಾಯೊರೆಸಿಕೊಂಡು, ಪಾಠ ಒಪ್ಪಿಸುವವಳಂತೆ ಕೇಳಿದಳು: “ಇನ್ನೊಂದು ವರ್ಷಕ್ಕೆ ಮನೆ ಸಾಮಾನಿನ ಬೆಲೆ ಏನಾಗಬಹುದು ಅಂತ ನಿಮಗನ್ಸುತ್ತೆ? ಏರುತ್ತಾ, ಇಳಿಯುತ್ತಾ, ಹೀಗೇ ಇರುತ್ತಾ?”

ಮಹಾಲಿಂಗನ ಅಪ್ಪ ನಾಗಯ್ಯ ನಕ್ಕುಬಿಟ್ಟ. “ಇಳಿಯದಾ? ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ತಾವು ಟೀ ಕುಡ್ದಿದ್ದಿಯವ್ವ ನೀನು? ಲೋಟ ನೋಡ್ಕ. ಬೆಲೆ ಏರ್ದಾಗೆಲ್ಲ ಲೋಟ ಚಿಕ್ಕುದಾಯ್ತದೆ. ಈಗ ಕಣ್ಣಿಗೆ ಔಸ್ದಿ ಬುಟ್ಕಳಂಗದೆ. ಇನ್ನೊಂದು ವರ್ಸಕ್ಕೆ ಬರೀ ವಾಸ್ನೆ ಕುಡ್ಸಿ ಕಳಿಸ್ತರೆ, ಬರ್ಕೊ.”

ತಾಯಿ ಗುರುಮಲ್ಲಮ್ಮನಿಗೆ ಜಗತ್ತಿನ ಬೆಲೆಯೆಲ್ಲ ವೀಳ್ಯದೆಲೆಯಲ್ಲಿತ್ತು. ಎಲೆ ಅಗ್ಗವಾದ ವಾರ ಆಕೆಯ ಪಾಲಿಗೆ ಸರ್ಕಾರವೂ ಒಳ್ಳೆಯದು, ಮಳೆಯೂ ಒಳ್ಳೆಯದು, ಅಂಗಡಿಯವನೂ ಒಳ್ಳೆಯವನು. “ಆಸಾಡದಲ್ಲಿ ಏರ್ತು, ಈಗ ಇಳ್ದದೆ. ಎಲೆ ಇಳುದ್ರೆ ಎಲ್ಲಾನೂ ಇಳಿತದೆ ಬುಡವ್ವ,” ಎಂದಳು.

ಮೀನಾ ಬಾಗಿಲಿಗೆ ಒರಗಿ ನಿಂತಿದ್ದಳು. ಮಹಾಲಿಂಗನ ಹೆಂಡತಿ, ಚಾಮರಾಜನಗರದಲ್ಲಿ ಬೆಳೆದವಳು. ಬಸುರಿಯ ಹೊಟ್ಟೆ ಆಗಷ್ಟೇ ಸೀರೆಯ ನೆರಿಗೆಯಲ್ಲಿ ಕಾಣಲು ಶುರುವಾಗಿತ್ತು. “ಏರುತ್ತೋ ಇಳಿಯುತ್ತೋ ಯಾರು ಕಂಡವ್ರೆ? ಗೊತ್ತಿಲ್ಲ ಅಂತ ಹಾಕ್ಕೊಳಮ್ಮ,” ಎಂದಳು.

“ಗೊತ್ತಿಲ್ಲ ಅನ್ನೋದು ಜಾಸ್ತಿ ಬಂದ್ರೆ ನಮ್ ಸರ್ ಬಯ್ತಾರಕ್ಕ,” ಎಂದು ಹುಡುಗಿ ಮಹಾಲಿಂಗನತ್ತ ತಿರುಗಿದಳು. “ನೀವು ಹೇಳಿ ಅಣ್ಣ. ನೀವು ಓದಿದೋರು.”

ಆ ಕೊನೆಯ ಮಾತೊಂದನ್ನು ಅವಳು ಆಡದಿದ್ದರೆ ಚೆನ್ನಾಗಿತ್ತು. ಮಹಾಲಿಂಗ ಬಿ.ಎ. ಮುಗಿಸಿ ಗುಂಡ್ಲುಪೇಟೆಯ ತರಕಾರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಓದಿದವನು, ಅದರಲ್ಲೂ ಬೆಲೆಗಳ ನಡುವೆಯೇ ಕೂತು ಏಳುವವನು, ಅಪ್ಪ ಅವ್ವನ ಎದುರಿಗೆ ಗೊತ್ತಿಲ್ಲ ಅನ್ನುವುದು ಹೇಗೆ? “ಬೇಳೆ ಈಗ ನೂರೆಂಬತ್ತಲ್ವಾ?” ಎಂದ. “ಬರೋ ವರ್ಷ ಇದೇ ಹೊತ್ತಿಗೆ ಮುನ್ನೂರು ಮುಟ್ಟುತ್ತೆ. ಬರ್ಕೊಳಿ.”

ಮುನ್ನೂರು ಎಲ್ಲಿಂದ ಬಂತೆಂದು ಅವನಿಗೇ ತಿಳಿಯದು. ಬಾಯಿಂದ ಹೊರಟ ಮೇಲೆ ಮಾತ್ರ ಅದು ಯಾರೋ ದೊಡ್ಡವರು ಹೇಳಿದ ಮಾತಿನಂತೆ ಕೇಳಿಸಿತು. ಹುಡುಗಿ ಟ್ಯಾಬಿನಲ್ಲಿ ಒತ್ತಿಕೊಂಡಳು. ಮೀನಾ ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಅಂದಿನಿಂದ ಮಹಾಲಿಂಗನ ಕಿವಿಯೇ ಬೇರೆಯಾಯಿತು. ಮಂಡಿಯಲ್ಲಿ ಬೆಳಗ್ಗೆ ಟೊಮೆಟೊಗೆ ಒಂದು ಬೆಲೆ, ಕೇರಳದ ಲಾರಿಗಳು ಬಂದು ನಿಂತ ಮೇಲೆ ಇನ್ನೊಂದು. ರಾತ್ರಿ ಬಂಡೀಪುರದ ಗೇಟು ಬೀಳುವ ಮುಂಚೆ ಕಾಡು ದಾಟಬೇಕೆಂಬ ಧಾವಂತ ಡ್ರೈವರುಗಳಿಗೆ; ಹೊತ್ತು ಇಳಿದಂತೆ ಮಂಡಿಯಲ್ಲಿ ಎಲ್ಲರ ದನಿಯೂ ಏರುತ್ತಿತ್ತು. ಬತ್ತೇರಿ ಕಡೆಯ ಡ್ರೈವರೊಬ್ಬ ಹಗ್ಗ ಬಿಗಿಯುತ್ತ, “ಚೇಟ್ಟಾ, ಇನಿ ವಿಲ ಕೂಡುಂ,” ಅನ್ನುವನು. ಅಣ್ಣಾ, ಇನ್ನು ಬೆಲೆ ಏರುತ್ತದೆ ಎಂದು. ಓಣಂ ಹತ್ತಿರವಾದರೆ ಅವನು ದಿನವೂ ಅದನ್ನೇ ಅನ್ನುವವನು. ಹಿಂದೆಲ್ಲ ನಕ್ಕು ಸುಮ್ಮನಾಗುತ್ತಿದ್ದ ಮಹಾಲಿಂಗ ಈಗ ಪೆನ್ನು ಕೆಳಗಿಟ್ಟು, “ಯಾತಕ್ಕೆ? ಎಷ್ಟು?” ಎಂದು ಕೇಳತೊಡಗಿದ. ಡ್ರೈವರ್ ಭುಜ ಕುಣಿಸಿ ಆಕಾಶ ತೋರಿಸಿದ. ಮಹಾಲಿಂಗನಿಗೆ ಅಷ್ಟೇ ಸಾಕಾಯಿತು.

ಏರುವ ಬೆಲೆಗೆ ಸದ್ದಿರುತ್ತದೆ. ಅಂಗಡಿಯ ಮುಂದೆ ಹೆಂಗಸರು ಬಯ್ಯುತ್ತಾರೆ, ಬಸ್ಸಿನಲ್ಲಿ ಗಂಡಸರು ವಾದ ಮಾಡುತ್ತಾರೆ, ಮೊಬೈಲಿನಲ್ಲಿ ಯಾರದೋ ಗಂಟಲು ಹರಿಯುವಂಥ ವೀಡಿಯೊ ಬರುತ್ತದೆ. ಇಳಿಯುವ ಬೆಲೆ ಬೆಕ್ಕಿನ ಹಾಗೆ, ಗೋಡೆಯಿಂದ ಇಳಿದುಹೋದದ್ದು ಯಾರಿಗೂ ತಿಳಿಯುವುದಿಲ್ಲ. ಮಹಾಲಿಂಗ ಸದ್ದನ್ನಷ್ಟೇ ಕೇಳಿಸಿಕೊಂಡ. ಸೋರೆಕಾಯಿ ಕೇಳುವವರಿಲ್ಲದೆ ಮಂಡಿಯ ಮೂಲೆಯಲ್ಲಿ ಕೊಳೆತ ವಾರವೂ ಅವನು ಮನೆಗೆ ತಂದ ಸುದ್ದಿ ಬೆಲೆ ಏರಿದ ಬೆಳ್ಳುಳ್ಳಿಯದೇ.

ಮೊದಲು ಬಂದದ್ದು ತೊಗರಿಬೇಳೆಯ ಒಂದು ಮೂಟೆ. ಅದನ್ನು ಒಳಕೋಣೆಯ ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಅವನಿಗೆ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಬೆಳಗ್ಗೆ ಎದ್ದಾಗ ಅದು ಮತ್ತೆ ಎದೆಯ ಮೇಲೆಯೇ ಕೂತಿತ್ತು. ಬೇಳೆ ಆಯಿತು ಸರಿ, ಅಕ್ಕಿ? ಅಕ್ಕಿ ಬಂದ ಮೇಲೆ ಹೆಸರುಕಾಳು, ಆಮೇಲೆ ಒಣಮೆಣಸಿನಕಾಯಿ, ಹುಣಸೆಹಣ್ಣು. ಸಂಬಳದ ದಿನವೆಂದರೆ ಮೂಟೆಗಳು ಬರುವ ದಿನ ಎಂದಾಯಿತು. ಮನೆಯೊಳಗೆ ಕಾಲಿಟ್ಟರೆ ಮೆಣಸಿನಕಾಯಿ ಘಾಟಿಗೆ ಸೀನು ಬರುತ್ತಿತ್ತು.

“ಕೂಸು ಹುಟ್ಟಕ್ ಮುಂಚೆ ಕುಲಾವಿ ಒಲ್ಸುದ್ರು ಅಂತರೆ. ನೀನು ಕುಲಾವಿ ಬುಟ್ಟು ಮೂಟೆ ಒಲಿತಿದ್ದೀಯಲ್ಲಲಾ,” ಎಂದಳು ಗುರುಮಲ್ಲಮ್ಮ.

“ನೋಡ್ತಿರು ಅವ್ವ, ಬರೋ ವರ್ಸ ನೀನೇ ಕೈ ಮುಗಿತಿಯೆ.”

“ಬರೋ ವರ್ಸ ನಾನಿರ್ಬೇಕಲ್ಲ, ಕೈ ಇರ್ಬೇಕಲ್ಲ, ಅದನ್ನೂ ಒಂದು ಮೂಟೇಲಿ ಕಟ್ಟಿಡು.”

ನಾಗಯ್ಯ ಮಾತ್ರ ಮಗನ ಪರ. ಆಳುಕಾಳು, ಹೊಲ ಎಂದು ಬದುಕಿದ ಮನುಷ್ಯ. ಮನೆಯಲ್ಲಿ ಧಾನ್ಯ ತುಂಬಿರುವುದು ಅವನ ಕಣ್ಣಿಗೆ ತಪ್ಪಾಗಿ ಕಾಣಲು ಸಾಧ್ಯವೇ ಇರಲಿಲ್ಲ. ದಿನಕ್ಕೊಂದು ಸಲ ಒಳಕೋಣೆಗೆ ಹೋಗಿ ಮೂಟೆಗಳನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿ ಬರುತ್ತಿದ್ದ.

ಒಳಕೋಣೆ ಮೀನಾಳದಾಗಿತ್ತು. ಅಂದರೆ, ಹೆರಿಗೆಯಾಗಿ ಬಂದ ಮೇಲೆ ಅವಳೂ ಮಗುವೂ ಇರಬೇಕಾಗಿದ್ದ ಕೋಣೆ. ತೊಟ್ಟಿಲು ತೂಗುಹಾಕುವ ಕೊಂಡಿ ಅಲ್ಲಿನ ತೊಲೆಯಲ್ಲಿ ಮಾತ್ರ ಇತ್ತು. ಮೂಟೆಗಳ ಮೇಲೆ ಮೂಟೆ ಬಿದ್ದು ಅವು ತೊಲೆಯ ಹತ್ತಿರಕ್ಕೆ ಬಂದವು. ಅವಳು ಬೇಡವೆಂದು ಒಂದು ಸಲ ಹೇಳಿದಳು, ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ಸೀಮಂತ ಮುಗಿಸಿಕೊಂಡು ತವರಿಗೆ ಹೊರಟ ದಿನ ಕೋಣೆಯ ಬಾಗಿಲನ್ನು ತಾನೇ ಎಳೆದು ಚಿಲಕ ಹಾಕಿದಳು.

ಮಗು ಹುಟ್ಟಿತು, ಹೆಣ್ಣು. ನಾಮಕರಣ ಆಯಿತು. ಬಾಣಂತನದ ತಿಂಗಳುಗಳು ಮುಗಿದವು. ಬೇಸಗೆಯ ಒಂದು ಭಾನುವಾರ ಮಹಾಲಿಂಗ ಹೆಂಡತಿಯನ್ನು ಕರೆದುಕೊಂಡು ಬರಲು ಚಾಮರಾಜನಗರಕ್ಕೆ ಹೋದ.

ಅತ್ತೆ ಶಿವಮ್ಮ ಕಾಯಿಹೋಳಿಗೆ ಬಡಿಸಿ, ಕೈ ತೊಳೆಯಲು ನೀರು ಕೊಟ್ಟು, ಯಾವುದೋ ಕೆಲಸದ ನೆಪ ಮಾಡಿಕೊಂಡು ಹಿತ್ತಿಲಿಗೆ ನಡೆದಳು. ಮೀನಾ ಮಗುವಿಗೆ ಹಾಲುಣಿಸುತ್ತ ಗೋಡೆಗೆ ಒರಗಿ ಕೂತಿದ್ದಳು.

“ಯಾವಾಗ ಓಗನ?” ಎಂದ.

“ಒಳಕೋಣೆ ಖಾಲಿ ಆಯ್ತಾ?”

“ಮಾಡಿಸ್ತೀನಿ. ಬೇಳೆ ರೇಟು ಸ್ವಲ್ಪ ಬರ್ಲಿ ಅಂತ ನೋಡ್ತಿದ್ದೆ.”

“ಎಷ್ಟಾಗಬೇಕು?”

ಬೇಳೆ ಇಳಿದಿತ್ತು. ನೂರೆಂಬತ್ತರಿಂದ ನೂರೈವತ್ತಕ್ಕೆ, ಅಲ್ಲಿಂದ ನೂರಿಪ್ಪತ್ತಕ್ಕೆ, ಸದ್ದಿಲ್ಲದೆ. ಅದು ಮಂಡಿಯವನಾದ ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮತ್ತೆ ಏರಲೇಬೇಕು ಎಂಬ ಹಟವೂ ಹುಟ್ಟಿತ್ತು. ಏರಿದ್ದು ಏರುತ್ತದೆ, ಇಳಿದದ್ದೂ ಏರುತ್ತದೆ. ಅವನ ಲೆಕ್ಕದಲ್ಲಿ ಬೆಲೆಗೆ ಇನ್ನೊಂದು ದಾರಿಯೇ ಇರಲಿಲ್ಲ.

“ನನಗೋಸ್ಕರ ಮಾಡ್ತೀನ? ಇವಳಿಗೋಸ್ಕರ ತಾನೆ?” ಎಂದ, ಮಗುವಿನ ಪಾದ ಮುಟ್ಟಿ.

“ಇವಳು ಈಗ ಹುಟ್ಟಿದ್ದಾಳೆ,” ಎಂದಳು ಮೀನಾ. ದನಿ ಏರಿಸಲಿಲ್ಲ. “ಮೆಣಸಿನಕಾಯಿ ಘಾಟಲ್ಲಿ ಮಲಗಿಸೋಕಾಗಲ್ಲ. ಕೋಣೆ ಖಾಲಿಯಾದ ದಿನ ಫೋನ್ ಮಾಡಿ, ಅವತ್ತೇ ಬಸ್ ಹತ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ. ಸುಮ್ನೆ ಕರಿಯೋಕೆ ಬರಬೇಡಿ.”

ಗುಂಡ್ಲುಪೇಟೆಯ ಬಸ್ಸಿನಲ್ಲಿ ಅವನು ಒಬ್ಬನೇ ಹಿಂದಿರುಗಿದ. ಪಕ್ಕದಲ್ಲಿ ಕೂತ ಹೆಂಗಸು ತೆರಕಣಾಂಬಿಯಲ್ಲಿ ಇಳಿಯುವವರೆಗೂ ಕೊಬ್ಬರಿ ಎಣ್ಣೆಯ ಬೆಲೆಯನ್ನು ಶಪಿಸುತ್ತಿದ್ದಳು. ಬೇಳೆಯ ಹೆಸರನ್ನು ಯಾರೂ ಎತ್ತಲಿಲ್ಲ. ಹೊಲಗಳಲ್ಲಿ ಉಳುಮೆ ನಡೆದಿತ್ತು. ಅವನು ಕಿಟಕಿಯ ಕಂಬಿ ಹಿಡಿದು ಕೂತು, ಬಿಟ್ಟು, ಮತ್ತೆ ಹಿಡಿದು, ಊರು ಬರುವ ಹೊತ್ತಿಗೆ ಅಂಗೈಯೆಲ್ಲ ಕಬ್ಬಿಣದ ವಾಸನೆ. ಮಾರಿದರೆ ತಾನು ಹೇಳಿದ್ದು ಸುಳ್ಳಾಗುತ್ತದೆ. ಮಾರದಿದ್ದರೆ ಅವಳು ಬರುವುದಿಲ್ಲ. ಇವೆರಡರ ನಡುವೆ ಮೂರನೆಯದೊಂದು ಸಂದು ಇದ್ದೇ ಇರಬೇಕೆಂದು ಅವನ ಮನಸ್ಸು ಇಲಿಯ ಹಾಗೆ ಕೆರೆಯುತ್ತಿತ್ತು.

ಸಂದನ್ನು ತೋರಿಸಿದವನು ನಾಗಯ್ಯ.

“ಅಗೇವು ಅದಲ್ಲ ಕಣ್ಲಾ.”

ಹಿತ್ತಿಲಿನಲ್ಲಿ ಮುತ್ತಾತನ ಕಾಲದ ಹಗೇವು ಇತ್ತು. ನೆಲದೊಳಗೆ ಮಡಕೆಯ ಆಕಾರಕ್ಕೆ ತೋಡಿದ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಹುಲ್ಲು ಹೊದಿಸಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲವಂತೆ. ಈಗ ಅದರ ಚಪ್ಪಡಿಯ ಮೇಲೆ ಬಟ್ಟೆ ಒಗೆಯುತ್ತಿದ್ದರು.

“ನಮ್ ತಾತ ಬರದ ವರ್ಸ ಇದ್ರಿಂದ ಅರ್ಧ ಊರ್ನೇ ಸಾಕಿದ್ನಂತೆ. ರಾಗಿ ಇದ್ದಂಗೇ ಇತ್ತಂತೆ, ನಿನ್ನೆ ಬಡುದ್ ಸುರ್ದಂಗೆ,” ಎಂದ ನಾಗಯ್ಯ. ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಗಿತ್ತು.

ರಾಗಿಗಾದದ್ದು ಬೇಳೆಗೂ ಆಗುತ್ತದೆಯೇ ಎಂದು ಅಪ್ಪನೂ ಕೇಳಿಕೊಳ್ಳಲಿಲ್ಲ, ಮಗನೂ ಕೇಳಿಕೊಳ್ಳಲಿಲ್ಲ. ಹಿತ್ತಿಲಿಗೆ ಹೊಸ ಬಚ್ಚಲು ಬಂದ ಮೇಲೆ ಅದರ ನೀರು ಯಾವ ಕಡೆಗೆ ಇಂಗುತ್ತದೆ ಎಂಬುದನ್ನೂ ನೋಡಲಿಲ್ಲ. ಚಪ್ಪಡಿ ಸರಿಸಿ ಒಂದು ಹಗಲು ಗಾಳಿಗೆ ಬಿಟ್ಟರು. ಮಾರನೆಯ ದಿನ ನಾಗಯ್ಯ ಹಣತೆಗೆ ಎಣ್ಣೆ ಬತ್ತಿ ಹಾಕಿ, ಹಚ್ಚಿ, ಉಗ್ಗವೆಂಬ ಪುಟ್ಟ ಪಾತ್ರೆಯಲ್ಲಿಟ್ಟು ಹಗ್ಗದಿಂದ ಕೆಳಗಿಳಿಸಿದ. ತಳದಲ್ಲಿ ದೀಪ ಅಲುಗದೆ ಉರಿಯಿತು.

“ಉರುದ್ರೆ ಇಳಿ, ಆರುದ್ರೆ ಇಳಿಬ್ಯಾಡ. ಒಳಗೆ ಕೆಟ್ ಗಾಳಿ ಕಟ್ಕಂಡಿದ್ರೆ ಮನ್ಸ ಕೂಗಕ್ಕೂ ಆಗಲ್ಲ, ಅಂಗೇ ಮಲಿಕಬುಡ್ತನೆ,” ಎಂದ. “ನಮ್ಮಪ್ಪ ನಂಗೆ ಏಳ್ಕೊಟ್ಟಿದ್ ಬುದ್ಧಿ ಇದೊಂದೆಯ. ಮಿಕ್ಕಿದ್ದೆಲ್ಲ ಏಟು.”

ಗುರುಮಲ್ಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. “ಅಪ್ಪ ಮಗ ಸೇರ್ಕಂಡು ಬೇಳೆಗೆ ಸಮಾಧಿ ಮಾಡ್ತಾವ್ರೆ. ಊದಿನಕಡ್ಡಿ ತರ್ಲಾ?”

ಮೂಟೆಗಳೆಲ್ಲ ಒಂದೊಂದಾಗಿ ನೆಲದೊಳಗೆ ಇಳಿದವು. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿ ಸಾರಿಸಿದರು. ಒಳಕೋಣೆಗೆ ಸುಣ್ಣ ಹೊಡೆಸಿ, ತೊಲೆಯ ಕೊಂಡಿಯನ್ನು ಒರೆಸಿ, ಮಹಾಲಿಂಗ ಫೋನ್ ಮಾಡಿದ.

ಅವಳು ನುಡಿದಂತೆ ಅವತ್ತೇ ಬಂದಳು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ನೇರವಾಗಿ ಒಳಕೋಣೆಗೆ ಹೋಗಿ, ಬರಿಯ ಗೋಡೆಗಳನ್ನು, ಬರಿಯ ನೆಲವನ್ನು ನೋಡಿದಳು. ಉಸಿರು ಎಳೆದು ನೋಡಿದಳು. ಸುಣ್ಣದ ಹಸಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

“ಎಲ್ಲಾ ಮಾರಿದ್ರಾ?”

ಮಹಾಲಿಂಗ ತೊಟ್ಟಿಲ ಹಗ್ಗದ ಗಂಟು ಬಿಗಿ ಮಾಡುತ್ತಿದ್ದ. ಮಾರಿದೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಗಂಟನ್ನು ಇನ್ನೊಮ್ಮೆ ಬಿಗಿದ. ಅವಳು ಆ ಮೌನವನ್ನು ಹೌದೆಂದು ತೆಗೆದುಕೊಂಡು ಅವನ ಭುಜದ ಮೇಲೆ ಕ್ಷಣಹೊತ್ತು ಕೈಯಿಟ್ಟಳು. ಆ ಕೈಯ ಬಿಸಿ ಎಷ್ಟೋ ಹೊತ್ತು ಅಲ್ಲೇ ಇತ್ತು, ಸುಡುತ್ತ.

ಆದರೂ ತಂದ ಬ್ಯಾಗನ್ನು ಅವಳು ಪೂರಾ ಬಿಚ್ಚಲಿಲ್ಲ. ಮಗುವಿನ ಬಟ್ಟೆಗಳನ್ನಷ್ಟೇ ತೆಗೆದು ಗೂಡಿಗೆ ಜೋಡಿಸಿ, ತನ್ನ ಸೀರೆಗಳನ್ನು ಅದರಲ್ಲೇ ಬಿಟ್ಟು, ತೊಟ್ಟಿಲ ಕೆಳಗೆ ಸರಿಸಿದಳು. ಮಹಾಲಿಂಗ ಮನೆಗೆ ಬಂದಾಗಲೆಲ್ಲ ಮೊದಲು ನೋಡುತ್ತಿದ್ದುದು ಮಗುವನ್ನಲ್ಲ, ಬ್ಯಾಗನ್ನು.

ಗುರುಮಲ್ಲಮ್ಮ ದಿನವೂ ಮಗುವಿಗೆ ಎಣ್ಣೆ ತಿಕ್ಕಿ, ಹಂಡೆ ನೀರು ಹುಯ್ಯುತ್ತಿದ್ದಳು. ಮೊಮ್ಮಗಳ ಸ್ನಾನಕ್ಕೆ ನೀರಿನ ಲೆಕ್ಕವಿರಲಿಲ್ಲ. “ಎಣ್ಣೆ ಮುಗಿತು ಕಣ್ಲಾ,” ಎಂದಳು ಒಂದು ದಿನ. “ಅಂಗಡೀಲಿ ಕೇಳುದ್ರೆ ಕೊಬ್ರಿ ಎಣ್ಣೆಗೆ ಚಿನ್ನದ್ ರೇಟು ಏಳ್ತನೆ. ಅಷ್ಟೊಂದು ಗುಡ್ಡೆ ಆಕ್ದಲ್ಲ, ಒಂದ್ ಡಬ್ಬ ಎಣ್ಣೆ ತಂದಿಡಕ್ಕೆ ಆಗ್ಲಿಲ್ವಾ ನಿಂಗೆ?”

ಮಹಾಲಿಂಗ ದಿಗಿಲಿನಿಂದ ಮೀನಾಳ ಕಡೆ ನೋಡಿದ. ಅವಳು ಮಗುವನ್ನು ಟವಲಿನಲ್ಲಿ ಸುತ್ತುತ್ತ ನಗುತ್ತಿದ್ದಳು. ಮುಗಿದುಹೋದ ಹುಚ್ಚಿನ ಬಗ್ಗೆ ನಗುವ ಹಾಗೆ ನಕ್ಕಳು. ಆ ನಗುವಿಗೆ ತಾನು ಬಾಕಿದಾರ ಎನ್ನಿಸಿ ಅವನು ಎದ್ದು ಹಿತ್ತಿಲಿಗೆ ಹೋದ. ಬಚ್ಚಲಿನಿಂದ ಹರಿದ ನೀರು ಹಗೇವಿನ ಕಡೆಯ ನೆಲದಲ್ಲಿ ಸುಮ್ಮನೆ ಇಂಗುತ್ತಿತ್ತು. ನೋಡಿದ. ಅದರ ಅರ್ಥ ತಿಳಿಯಿತು. ತಿಳಿಯದವನಂತೆ ಮಂಡಿಗೆ ಹೊರಟ.

ಆಮೇಲೆ ಮಳೆ ಹಿಡಿಯಿತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಕಪ್ಪಾಗಿ ಎದ್ದು ಸಂಜೆ ಸಂಜೆ ಸುರಿಯುವ ಮಳೆ. ಎಲ್ಲರೂ ಬಿತ್ತನೆ ಮಾತಾಡುತ್ತಿದ್ದರೆ ಮಹಾಲಿಂಗ ಸೂರಿನ ಕೆಳಗೆ ನಿಂತು ಒಂದೇ ಜಾಗವನ್ನು ನೋಡುತ್ತಿದ್ದ. ಊಟಕ್ಕೆ ಕೂತು ಅರ್ಧಕ್ಕೆ ಏಳುವನು. ಮಗು ಅತ್ತರೆ ತೂಗಲು ಹೋಗಿ ತೂಗುವುದನ್ನು ಮರೆಯುವನು. ಅಪ್ಪನೂ ಮಗನೂ ಒಬ್ಬರನ್ನೊಬ್ಬರು ಕಂಡರೆ ಬೇರೆ ಬೇರೆ ದಿಕ್ಕಿಗೆ ಸರಿಯುತ್ತಿದ್ದರು. ಏನಾಯಿತೋ ನೋಡೋಣ ಎಂಬ ಒಂದೇ ಒಂದು ಮಾತು ಇಬ್ಬರ ಗಂಟಲಲ್ಲೂ ಇತ್ತು. ಆಡಿದರೆ ಅದು ಆಗಿಯೇಬಿಡುತ್ತದೆ ಎಂಬಂತೆ ಇಬ್ಬರೂ ನುಂಗುತ್ತಿದ್ದರು.

“ಅತ್ತೆ, ಇಲ್ಲೇನೋ ಹುಳಿ ಹುಳಿ ವಾಸನೆ,” ಎಂದಳು ಮೀನಾ ಒಂದು ಸಂಜೆ, ಮಗುವಿನ ಬಟ್ಟೆ ಒಣಹಾಕುತ್ತ. “ಹಿಟ್ಟು ಹಳಸಿದ ಹಾಗೆ.”

“ಇಲಿ ಸತ್ತಿರ್ಬೇಕು ಕಣವ್ವ,” ಎಂದು ನಾಗಯ್ಯ ಜಗಲಿಯಿಂದಲೇ ಕೂಗಿದ. ಅವನನ್ನು ಯಾರೂ ಕೇಳಿರಲೇ ಇಲ್ಲ. ಗುರುಮಲ್ಲಮ್ಮ ಗಂಡನನ್ನು ದುರುಗುಟ್ಟಿ ನೋಡಿ, ಎಲೆಗೆ ಸುಣ್ಣ ಸವರಿದಳು.

ಮಾರನೆಯ ಬೆಳಗ್ಗೆ ಮಹಾಲಿಂಗ ಮಂಡಿಗೆ ಹೊರಡಲು ಬೈಕು ತಳ್ಳುತ್ತಿದ್ದಾಗ ಹಿತ್ತಿಲಿನಲ್ಲಿ ಕಲ್ಲು ಉಜ್ಜಿದ ಸದ್ದು ಕೇಳಿಸಿತು. ಹೋಗಿ ನೋಡಿದರೆ ನಾಗಯ್ಯ ಒಬ್ಬನೇ ಹಾರೆ ಹಾಕಿ ಚಪ್ಪಡಿ ಸರಿಸಿದ್ದ. ಏಣಿ ಇಳಿಬಿಟ್ಟಿದ್ದ. ಹಗೇವಿನ ಬಾಯಿಂದ ಬರುತ್ತಿದ್ದ ನಾತ ಮೂಗಿಗೆ ಬಡಿಯುವ ಹಾಗಿತ್ತು.

“ಯಾವಾಗ ತೆಗ್ದೆ?”

“ಈಗ. ನೀನು ಓಗು ಮಂಡಿಗೆ. ಮೇಲಿನ್ ಮೂಟೆ ಚೆನ್ನಾಗಿರ್ಬೋದು. ಬಿಸ್ಲಲ್ಲಿ ಒಣಗ್ಸುದ್ರೆ ಉಳಿತದೆ.” ಅವನ ಕೈಯಲ್ಲಿ ಉಗ್ಗವಿತ್ತು, ಅದರಲ್ಲಿ ಹಣತೆ. ಹಚ್ಚಿ ಇಳಿಸಿದ. ಅರ್ಧ ದಾರಿಯೂ ಹೋಗಿರಲಿಲ್ಲ, ಯಾರೋ ಕೆಳಗಿನಿಂದ ಊದಿದಂತೆ ದೀಪ ಆರಿತು.

“ಗಾಳಿ ಬೀಸ್ತು,” ಎಂದ ನಾಗಯ್ಯ.

ಗಾಳಿ ಬೀಸಿರಲಿಲ್ಲ. ಮೇಲಕ್ಕೆಳೆದು ಇನ್ನೊಮ್ಮೆ ಹಚ್ಚಿ ಇಳಿಸಿದ. ಅದೇ ಜಾಗಕ್ಕೆ ಬಂದು ದೀಪ ಮತ್ತೆ ಆರಿತು. ಎಳೆದು ಹಗೇವಿನ ಬಾಯಂಚಿನಲ್ಲಿಟ್ಟ. ಇಬ್ಬರೂ ಬಗ್ಗಿ ಆ ಕತ್ತಲನ್ನು ನೋಡಿದರು. ಅದರಲ್ಲಿ ಏನೂ ಕಾಣಲಿಲ್ಲ. ಸದ್ದೂ ಇರಲಿಲ್ಲ.

“ಬುಡು ಅಪ್ಪ. ಮುಚ್ಚಿಬುಡನ.”

“ಮೂಗಿಗೆ ಟವಲ್ ಕಟ್ಕಂಡು ಒಂದೇ ಉಸ್ರಲ್ಲಿ ಇಳ್ದು, ಮೂಟೆಗೆ ಅಗ್ಗ ಬಿಗ್ದು ಬಂದ್ಬುಡ್ತೀನಿ. ನೀನು ಮೇಲಿಂದ ಎಳ್ಕ.”

“ದೀಪ ಆರ್ತು, ನೀನೇ ಏಳಿದ್ದಲ್ವಾ?”

“ನೀನೂ ಏಳಿದ್ದೆಯಲ್ಲ!” ನಾಗಯ್ಯನ ದನಿ ಒಡೆಯಿತು. “ಮುನ್ನೂರಾಯ್ತದೆ ಅಂತ. ಓದಿದೋನು ನೀನು, ಸುಳ್ ಏಳಿಯಾ? ಇದ್ನ ಬುಟ್ಬುಟ್ಟು ನಾಳೆ ಮುನ್ನೂರ್ ಕೊಟ್ಟು ತರಕ್ಕೆ ನಮ್ ತಾವ ಏನದೆ? ಆ ಮಗೀಗೆ ಏನಾಕ್ತಿ?” ಎನ್ನುತ್ತಲೇ ಟವಲನ್ನು ಮುಖಕ್ಕೆ ಸುತ್ತಿ ಏಣಿಯ ಮೇಲೆ ಕಾಲಿಟ್ಟ. ಸೊಂಟದವರೆಗೆ ಇಳಿದೂ ಆಯಿತು.

ಮಹಾ​ಲಿಂಗ ಅಪ್ಪನ ತೋಳು ಹಿಡಿದ. ಅಂದು ಜಗಲಿಯ ಮೇಲೆ ಕೂತಿದ್ದಾಗ, ಯಾರೂ ಒತ್ತಾಯ ಮಾಡದೆ, ತನ್ನ ಬಾಯಿಗೆ ಬಂದಿದ್ದ ಒಂದು ಸಂಖ್ಯೆ ಈಗ ಮುದುಕನೊಬ್ಬನ ಕಾಲು ಹಿಡಿದು ಕೆಳಕ್ಕೆ ಜಗ್ಗುತ್ತಿತ್ತು. “ಆಗಲ್ಲ ಅಪ್ಪ,” ಎಂದ. “ಮುನ್ನೂರಾಗಲ್ಲ. ಬೇಳೆ ಇಳ್ದು ಎಷ್ಟೋ ದಿನ ಆಯ್ತು. ನಂಗೆ ಗೊತ್ತಿತ್ತು. ಬಾ ಮೇಲಕ್ಕೆ.” ನಾಗಯ್ಯ ಕೊಸರಿದ. ಮಹಾಲಿಂಗ ಮಂಡಿಯೂರಿ ಎರಡೂ ಕಂಕುಳಿಗೆ ಕೈ ಕೊಟ್ಟು ಎಳೆದ. ಇಬ್ಬರೂ ಒದ್ದೆ ಮಣ್ಣಿನ ಮೇಲೆ ಮಗುಚಿ ಬಿದ್ದರು. ಬಿದ್ದ ರಭಸಕ್ಕೆ ಹಣತೆ ಹಗೇವಿನೊಳಕ್ಕೆ ಉರುಳಿತು. ತಳದಲ್ಲಿ ಅದು ಒಡೆದ ಸದ್ದು ಕೇಳಿಸಲಿಲ್ಲ, ಮೆತ್ತನೆಯದೇನೋ ಅದನ್ನು ನುಂಗಿತು.

ತಲೆಯೆತ್ತಿದರೆ ಬಚ್ಚಲ ಬಾಗಿಲಲ್ಲಿ ಮೀನಾ ನಿಂತಿದ್ದಳು. ಸೊಂಟದಲ್ಲಿ ಮಗು.

“ಇಲಿ ಅಂದ್ರಲ್ಲ ಮಾವ,” ಎಂದಳು.

ನಾಗಯ್ಯ ಟವಲನ್ನು ಮುಖದಿಂದ ತೆಗೆಯಲೇ ಇಲ್ಲ. ಏದುಸಿರು ಬಿಡುತ್ತ ಕೂತ. ಗುರುಮಲ್ಲಮ್ಮ ಓಡಿಬಂದು, ಏಣಿಯನ್ನೂ ಗಂಡನ ಮಣ್ಣಾದ ಕಾಲನ್ನೂ ನೋಡಿ, ಬಯ್ಯಲು ಬಾಯಿ ತೆರೆದವಳು ಬಯ್ಯದೆ ಅವನ ಪಕ್ಕದಲ್ಲಿ ಕುಕ್ಕರಿಸಿದಳು.

“ಮಾರ್ಲಿಲ್ಲ,” ಎಂದ ಮಹಾಲಿಂಗ. “ಎಲ್ಲಾನೂ ಇಲ್ಲೇ ಇಟ್ಟಿದ್ದೆ.”

“ಮಾರಿದೆ ಅಂದ್ರಿ.”

“ಅನ್ಲಿಲ್ಲ. ಸುಮ್ನಿದ್ದೆ.”

“ಸುಮ್ನಿದ್ರಿ,” ಎಂದಳು ಅವಳೂ. ಹಗೇವಿನ ಬಾಯಿಯನ್ನು ನೋಡಿದಳು, ಆಮೇಲೆ ಅವನನ್ನು. “ಬರೋ ಶ್ರಾವಣಕ್ಕೆ ಬೇಳೆ ಎಷ್ಟಾಗುತ್ತೆ?”

ಅವನ ತಲೆಯೊಳಗೆ ಅಭ್ಯಾಸದಂತೆ ಒಂದಲ್ಲ ನಾಲ್ಕು ಸಂಖ್ಯೆಗಳು ಎದ್ದು ನಿಂತವು. ಪ್ರತಿಯೊಂದಕ್ಕೂ ಕಾರಣವಿತ್ತು, ಲಾರಿಯಿತ್ತು, ಮಳೆಯಿತ್ತು, ಯಾರೋ ಹೇಳಿದ್ದಿತ್ತು. ಅವು ತಾವಾಗಿ ಕೂರುವವರೆಗೆ ಕಾದ.

“ಗೊತ್ತಿಲ್ಲ,” ಎಂದ.

ಮೀನಾ ಒಳಗೆ ಹೋದಳು. ಒಳಕೋಣೆಯಲ್ಲಿ ನೆಲದ ಮೇಲೆ ಏನನ್ನೋ ಎಳೆದ ಸದ್ದು. ಅದು ತೊಟ್ಟಿಲ ಕೆಳಗಿನ ಬ್ಯಾಗೇ. ಮಹಾಲಿಂಗ ಎದ್ದು ನಿಂತ. ಬೇಡವೆನ್ನಲು ತನಗೆ ಬಾಯಿಲ್ಲ ಎಂದು ತಿಳಿದು ಅಲ್ಲೇ ನಿಂತ. ಚಾಮರಾಜನಗರಕ್ಕೆ ಹೋಗಲು ಹಿಡಿಯಬೇಕಾದ ಗುಂಡ್ಲುಪೇಟೆಯ ಬಸ್ಸು ಇನ್ನೇನು ಬರುವ ಹೊತ್ತು.

ಅವಳು ಹೊರಗೆ ಬಂದಾಗ ಸೀರೆ ಬದಲಿಸಿದ್ದಳು. ಬ್ಯಾಗಿನೊಳಗೇ ಉಳಿದಿದ್ದ ಸೀರೆಗಳಲ್ಲಿ ಒಂದು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಕೈಯಲ್ಲಿ ಪರ್ಸು, ಒಂದು ಬಟ್ಟೆಯ ಕೈಚೀಲ. ಬ್ಯಾಗ್ ಇರಲಿಲ್ಲ.

“ಹಿಡ್ಕೊಳಿ,” ಎಂದು ಮಗುವನ್ನು ಅವನ ಮಣ್ಣುಗೈಗೇ ಕೊಟ್ಟಳು. “ಅದನ್ನ ಮೊದ್ಲು ಮುಚ್ಚಿ. ಸಾರಿಗೆ ಬೇಳೆ ಇಲ್ಲ, ಕಾಲು ಕೆಜಿ ತರ್ತೀನಿ.”

ಬೀದಿಗೆ ಇಳಿದಳು. ಮಗು ಅವನ ಅಂಗಿಯ ಗುಂಡಿಯನ್ನು ಹಿಡಿದು ಜಗ್ಗಿತು. ಹಿಂದೆ ನಾಗಯ್ಯ ಚಪ್ಪಡಿ ತಳ್ಳುವ ಸದ್ದು, ಗುರುಮಲ್ಲಮ್ಮ ಈಗ ಶುರುಮಾಡಿದ ಬಯ್ಗುಳ. ಮೀನಾ ಆಗಲೇ ನಾಲ್ಕು ಮನೆ ದಾಟಿದ್ದಳು.

“ಅರ್ಧ ತಗೋ,” ಎಂದುಬಿಟ್ಟ ಮಹಾಲಿಂಗ. ತಡೆಯುವ ಮುಂಚೆಯೇ ಅದು ಬಾಯಿ ದಾಟಿತ್ತು.

ಅವಳು ನಿಂತಳು. ತಿರುಗಿ ಅವನನ್ನು ನೋಡಿದಳು.

“ಕಾಲು,” ಎಂದಳು.

“ಆಯ್ತು, ಕಾಲು,” ಎಂದ ಅವನು, ಅವಳು ತಿರುವು ದಾಟಿ ಕಣ್ಮರೆಯಾದ ಮೇಲೆ.